ಎಡಗಾಲಿನ ಅಟ್ಟೆ

ಅಮೃತಶಿಲೆಯ ನೆಲದ ಮೇಲೆ ಆ ಬರಿಗಾಲು ಎಷ್ಟು ಬೆಳ್ಳಗಿದೆ, ಎಡಗಾಲು, ಹೆಬ್ಬೆರಳು ಸೊಟ್ಟಗೆ ಪಕ್ಕದ ಬೆರಳಿನ ಮೇಲೆ ಏರಿದ್ದು, ಎ.ಸಿ. ಗಾಳಿಗೆ ಮುದುಡಿಕೊಳ್ಳುತ್ತಿದೆ — ಸಾಕ್ಸ್ ಹಾಕುವ ನೋನ್ನಾ ಎಂದರೆ, ಅವರ ಭಾಷೆಯಲ್ಲಿ ಅಜ್ಜಿಗೆ ನೋನ್ನಾ, ಬೇಡ ಜೋ, ಜೋಡು ಬರಲಿ ಎನ್ನುತ್ತಾಳೆ ಎಮಿಲಿಯಾ — ಬಲಗಾಲಿಗೆ ಕಪ್ಪು ಮಖಮಲ್ಲಿನ ಬಟ್ಟೆಜೋಡು ಆಗಲೇ ಏರಿದೆ, ಎಡಗಾಲಿನದು ಜೋಸ್ಫಿನ್‌ಳ ಮಡಿಲಲ್ಲಿ, ಇನ್ನು ನಾಲ್ಕು ಬೆರಳು ಹೊಲಿಗೆ ಬಾಕಿ, ಹನ್ನೊಂದಕ್ಕೆ ಗಾಡಿ, ಎರಡಕ್ಕೆ ವಿಮಾನ, ಇಟಲಿಗೆ ಹೋದ ಮೇಲೆ ಎಮಿಲಿಯಾ ಮತ್ತೆ ದುಬೈಗೆ ಬರುವವಳಲ್ಲ. ಮೂರು ವರ್ಷ ಮೀಯಿಸಿ ಉಣ್ಣಿಸಿದ ಮೈ ಅದು, ಯಾವ ಮಗ್ಗುಲಿಗೆ ಹೊರಳಿದರೆ ನೋವೆಂದು ಹೆತ್ತ ಮಗನಿಗಿಂತ ಜೋಸ್ಫಿನ್‌ಗೇ ಗೊತ್ತು, ಆದರೆ ಇವತ್ತು ಮುಖವೆತ್ತಿ ನೋಡುವ ಧೈರ್ಯವಿಲ್ಲ, ಹೇಳಬೇಕು, ಹೇಳದೆ ಕಳಿಸಿದರೆ ಅದು ಮೋಸ, ಹೇಳಿದರೆ ಮುದುಕಿ ಈ ಜೋಡು ಮುಟ್ಟುತ್ತಾಳೋ ಇಲ್ಲವೋ.

ನಮ್ಮೂರಲ್ಲಿ ಹಳೆ ಬಟ್ಟೆ ಎಸೆಯುವುದಿಲ್ಲ ಜೋ — ಎಷ್ಟು ಸಲ ಹೇಳಿಲ್ಲ ಅವಳು — ಕೆಳಗೆ ಸರೋವರ, ಮೇಲೆ ಬೆಟ್ಟಕ್ಕೆ ಅಂಟಿಕೊಂಡ ಕಲ್ಲಿನ ಮನೆಗಳು, ಬೆನ್ನಿಗೆ ಹುಲ್ಲಿನ ಬುಟ್ಟಿ ಹೊತ್ತು ಇಳಿಯುವ ಹೆಂಗಸರು, ಆ ಹಾದಿಯಲ್ಲಿ ಚರ್ಮದ ಜೋಡು ಜಾರುತ್ತದೆ, ಬಟ್ಟೆಯದು ಜಾರುವುದಿಲ್ಲ, ಮನೆಯವರ ಹರಿದ ಅಂಗಿ, ಸತ್ತ ಅತ್ತೆಯ ಲಂಗ, ಪದರದ ಮೇಲೆ ಪದರ, ಹಿಟ್ಟಿನ ಅಂಟು ಹಚ್ಚಿ ಒಣಗಿಸಿ ದಪ್ಪ ದಾರದಲ್ಲಿ ಹೊಲಿದರೆ ಅಟ್ಟೆ, ಬೇರೆ ಮನೆಯ ಚಿಂದಿ ಸೇರಕೂಡದು, ನಾವು ನಮ್ಮ ಸತ್ತವರನ್ನು ತುಳಿಯುವುದಲ್ಲ ಜೋ, ಅವರು ನಮ್ಮನ್ನು ಹೊತ್ತು ನಡೆಯುವುದು. ಸೆಪ್ಟೆಂಬರ್ ಎಂಟಕ್ಕೆ ಮಾತೆಯ ಹಬ್ಬ, ಆ ಜೋಡು ಮೆಟ್ಟಿಯೇ ಪ್ರತಿಮೆಯ ಹಿಂದೆ ಹೋಗಬೇಕು, ಅದೇ ದಿನ ಜೋಸ್ಫಿನ್‌ಳ ಊರು ಶಿರ್ವದಲ್ಲಿ ಮೊಂತಿ ಹಬ್ಬ, ಹೊಸ ತೆನೆ, ಮಕ್ಕಳ ಬುಟ್ಟಿಯಲ್ಲಿ ಹೂ, ಅಮ್ಮ ಚರ್ಚಿಗೆ ಉಡುತ್ತಿದ್ದ ನೀಲಿ ಅಂಚಿನ ಇಗರ್ಜಿ ಸೀರೆ — ಸತ್ತ ಗಂಡನ ಚೌಕುಳಿ ಅಂಗಿಯ ಅರ್ಧ ಬಲಗಾಲಿಗೆ ಹೊಲಿದು, ಉಳಿದರ್ಧ ಎಡಗಾಲಿಗೆಂದು ಗಂಟು ಕಟ್ಟಿಟ್ಟಿದ್ದಳು ಎಮಿಲಿಯಾ, ಅಷ್ಟರಲ್ಲಿ ಕೈ ನಡುಗತೊಡಗಿತು, ನೀನು ಹೊಲಿ, ನಾನು ಹೇಳಿಕೊಡುತ್ತೇನೆ. ಹೇಳಿಕೊಟ್ಟಳು. ಆ ಗಂಟನ್ನು ಕಳೆದ ಶುಕ್ರವಾರ ಪೆಟ್ಟಿಗೆ ಕಟ್ಟುವ ಗಡಿಬಿಡಿಯಲ್ಲಿ ಬಿಚ್ಚಿಯೂ ನೋಡದೆ ಈ ಮಹಾತಾಯಿ ಜೋಸ್ಫಿನ್ ಕಾರಿಡಾರಿನ ಕೊನೆಯ ಕಸದ ಕೊಳವೆಗೆ ಹಾಕಿದಳು, ಇಪ್ಪತ್ತೆರಡು ಮಹಡಿ, ಧಡ್ ಧಡ್ ಎಂದು ಇಳಿಯಿತು ಒಬ್ಬನ ಅಂಗಿ, ಗೊತ್ತಾಗಿ ಓಡಿದಾಗ ವಾಚ್‌ಮನ್, ಖಲಾಸ್ ಸಿಸ್ಟರ್, ಕಸದ ಗಾಡಿ ಹೋಯಿತು. ಕರಾಮ ಬಡಾವಣೆಯಿಂದ ಗೆಳತಿ ನತಾಶಾ ಫೋನಿನಲ್ಲಿ ನಗುತ್ತಾಳೆ, ಎಂಥ ಮಾರಾಯ್ತಿ ಹಳೆ ಬಟ್ಟೆಗೆ ಕಣ್ಣೀರು ಹಾಕಿ ಕೂಗುವುದಾ, ಇಲ್ಲಿ ಬಾ, ಒಳ್ಳೆ ಚಪ್ಪಲಿ ಉಂಟು. ಆಮೇಲೆ ತನ್ನ ಟ್ರಂಕಿನ ತಳ, ಅಮ್ಮನ ಸೀರೆ, ಅವಳು ಸತ್ತಾಗ ಮಣ್ಣಿಗೂ ಹೋಗಲಾಗಲಿಲ್ಲ, ರಜೆ ಸಿಗಲಿಲ್ಲ, ಯಾರದೋ ಕೈಯಲ್ಲಿ ಸೀರೆ ಮಾತ್ರ ಬಂತು, ಇಷ್ಟು ವರ್ಷ ಮೂಸಿ ಮೂಸಿ ವಾಸನೆಯೂ ಹೋಗಿದೆ, ಅದಕ್ಕೇ ಕತ್ತರಿ ಹಾಕಿದಳು, ಮೈದಾ ಅಂಟು ಹಚ್ಚಿ ಬಾಲ್ಕನಿಯಲ್ಲಿ ಹರಡಿದರೆ ಗಂಟೆಯೊಳಗೆ ಒಣಗಿತು, ಅವರ ಬೆಟ್ಟದಲ್ಲಿ ಎರಡು ದಿನ ಬೇಕಂತೆ, ಇಲ್ಲಿಯ ಬಿಸಿಲು ಒಂದಾದರೂ ಉಪಕಾರಕ್ಕೆ ಬಂತು.

ಹಲ್ಲಿನಿಂದ ದಾರ ಕಡಿದಳು, ಮುಗಿಯಿತು, ಕೊಡು ಎಂದು ಎಮಿಲಿಯಾ ಕೈ ಚಾಚುತ್ತಾಳೆ, ಕಣ್ಣು ಮಂಜು, ಆದರೆ ಕೈಯ ಹೆಬ್ಬೆರಳಿಗೆ ಎಲ್ಲ ಗೊತ್ತು, ಅಂಚಿನಿಂದ ಹಿಮ್ಮಡಿಗೆ ಸವರುತ್ತ ಬಂದು — ನಿಂತಿತು. ಇದು ನಮ್ಮ ಮನೆಯದಲ್ಲ. ಅಲ್ಲ ನೋನ್ನಾ, ತಪ್ಪಾಯಿತು, ನಿಮ್ಮವರ ಅಂಗಿ ನಾನೇ ಎಸೆದೆ, ಕಸ ಅಂತ ಎಸೆದೆ, ಇದು ನನ್ನ ಮಾಂಯ್‌ದು, ನನ್ನ ಅಮ್ಮನ ಸೀರೆ. ಕೆಳಗಿಂದ ಫೋನ್, ಮೇಡಂ ಗಾಡಿ ಬಂತು, ಎಮಿಲಿಯಾ ಜೋಡನ್ನು ಮಡಿಲಲ್ಲಿ ಹಿಡಿದು ಮತ್ತೆ ಸವರುತ್ತಾಳೆ, ಬಯ್ಯಬಾರದೇ, ಒಂದು ಮಾತು ಬಯ್ಯಬಾರದೇ, ಗಂಡನಿಲ್ಲದ ಕಾಲು, ಬರಿಗಾಲು, ತಣ್ಣಗಿದೆ ನೆಲ — ಜೋ. ಹೇಳಿ ನೋನ್ನಾ. ನಿನ್ನ ಅಮ್ಮನಿಗೆ ಬೆಟ್ಟ ಹತ್ತಿ ಅಭ್ಯಾಸ ಉಂಟೋ? ಇಲ್ಲ, ಎಂದೂ ಇಲ್ಲ, ಮಂಗಳೂರು ದಾಟಿದವಳೇ ಅಲ್ಲ — ಹಾಗಾದರೆ ನಿಧಾನ ಹೋಗುತ್ತೇವೆ, ನಾನೂ ನಿನ್ನ ಅಮ್ಮನೂ, ಇಬ್ಬರೂ ಮುದುಕಿಯರು, ಅವಸರವೇನು — ಜೋಡು ಜೋಸ್ಫಿನ್‌ಳ ಕೈಗೆ ಬಂತು, ಮೊಣಕಾಲೂರಿದಳು, ಕಣ್ಣು ತುಂಬಿ ಏನೂ ಕಾಣುತ್ತಿಲ್ಲ, ಕಾಣುವುದು ಅದೊಂದೇ, ಬೆಳ್ಳಗೆ, ಸೊಟ್ಟ ಹೆಬ್ಬೆರಳು, ತನ್ನ ಕಡೆಗೆ ಚಾಚಿದ ಎಡಗಾಲು, ಎಡಗಾಲು —