ಮುಂದಿನ ಸಾಲಿನ ಹುಲ್ಲು

ಕೊಮೊಗಾತಾ ಜೌಗನ್ನು ಗೋದಾಮಿನ ಕಂಪನಿಗೆ ಕೊಡುವ ಸಭೆಯಲ್ಲಿ ನಾಗುಮೊ ಮನೆಯ ಪರವಾಗಿ ಕೈಯೆತ್ತಿದವನು ಮೈದುನ ಕಿಚಿಜಿ. ಆ ಮನೆಯ ಯಜಮಾನಿ, ಗಂಡ ತೀರಿಕೊಂಡ ಸಾವಾ, ಆಗ ಗದ್ದೆಯಲ್ಲಿ ಸಸಿಮಡಿಗೆ ನೀರು ಬಿಡುತ್ತಿದ್ದಳು. ಅವಳನ್ನು ಯಾರೂ ಕರೆಯಲಿಲ್ಲ. ಮಳೆಗಾಲ ಕಳೆದ ಮೇಲೆ ಮಣ್ಣು ತುಂಬಿದ ಲಾರಿಗಳು ಬಂದವು. ಹಿಮ ಬೀಳುವ ಹೊತ್ತಿಗೆ ಜೌಗು ಇರಲಿಲ್ಲ.

ಮನೆಗೊಂದು ಕೈ, ಆ ಕೈ ಗಂಡಸಿನದು: ಊರಿನ ರೂಢಿ ಹಾಗೆ. ಅತ್ತಿಗೆಗೆ ಸಭೆಯ ತಲೆನೋವು ಯಾಕೆಂದು ತಾನೇ ಹೋಗಿದ್ದಾಗಿ ಕಿಚಿಜಿ ಆಮೇಲೆ ಹೇಳಿದ, ಉಪಕಾರ ಮಾಡಿದವನ ಮುಖ ಮಾಡಿಕೊಂಡು. ಜೌಗಿನಲ್ಲಿ ಜೊಂಡು ಕೊಯ್ದವರು, ಬುಟ್ಟಿ ಹಾಕಿ ಮೀನು ಹಿಡಿದವರು, ನೀರಿನ ಕೊಂಬುಕಾಯಿ ಕಿತ್ತು ಬೇಯಿಸಿ ಮಕ್ಕಳ ಬಾಯಿಗೆ ಹಾಕಿದವರು ಹೆಚ್ಚಿನಂಶ ಹೆಂಗಸರು. ಅದನ್ನು ಕೊಟ್ಟವರು ಮಾತ್ರ ಗಂಡಸರು. ಒಪ್ಪಿಗೆ ಸರ್ವಾನುಮತದ್ದು ಎಂದು ಊರೆಲ್ಲ ಸಾರಿದರು. ಅದೇನೂ ಸುಳ್ಳಲ್ಲ, ಎಣಿಸಿದ ಕೈಗಳೆಲ್ಲ ಮೇಲೇ ಇದ್ದವು.

ಸಾವಾಳ ಮಗಳು ಚಿಜುರುವಿಗೆ ನಲವತ್ತು ದಾಟಿತ್ತು. ತಾಯಿಯ ಜೊತೆಗೇ ಇದ್ದುಕೊಂಡು, ದಿನಾ ರೈಲು ಹತ್ತಿ ನೀಗಾತಾ ಪಟ್ಟಣಕ್ಕೆ ಹೋಗಿ, ಹೊನ್ಮಾ ಎಂಬವರ ಅಂಗಡಿಯಲ್ಲಿ ದುಡಿಯುತ್ತಿದ್ದಳು. ಗಾಜಿನ ತೊಟ್ಟಿಯಲ್ಲಿ ಕಲ್ಲು, ಮರದ ಬೇರು, ನೀರುಗಿಡಗಳನ್ನು ಕೂರಿಸಿ, ಹೊಳೆದಂಡೆಯ ಒಂದು ತುಂಡನ್ನೇ ಕೊಯ್ದು ತಂದ ಹಾಗೆ ಆಸ್ಪತ್ರೆ, ಹೋಟೆಲುಗಳ ಮೊಗಸಾಲೆಯಲ್ಲಿ ಇಟ್ಟುಕೊಡುವ ಅಂಗಡಿ ಅದು. ಅಲ್ಲಿ ಮುಂದಿನ ಸಾಲು ಚಿಜುರುವಿನ ಪಾಲು. ಹಿಂದೆ ನೆಡುವ ಎತ್ತರದ ಗಿಡಗಳಲ್ಲಿ ತಪ್ಪಾದರೆ ಎಲೆಗಳೇ ಮುಚ್ಚಿಕೊಳ್ಳುತ್ತವೆ. ಗಾಜಿಗೆ ಹತ್ತಿದ ಗೇಣಗಲದ ನೆಲಕ್ಕೆ ಆ ಮರೆಯಿಲ್ಲ. ಅಲ್ಲಿನ ಗಿಡ ಗಿಡ್ಡಗಿರಬೇಕು, ತಳಕ್ಕೆ ಇಳಿದಷ್ಟೇ ಬೆಳಕಿನಲ್ಲಿ ಬದುಕಬೇಕು, ಮೇಲಕ್ಕೆ ಏಳದೆ ಪಕ್ಕಕ್ಕೆ ಹರಿಯಬೇಕು. ನೋಡುವವರ ಕಣ್ಣು ಮೊದಲು ಬೀಳುವುದು ಅದರ ಮೇಲೆ, ಹೆಸರು ಕೇಳದೆ ದಾಟಿಹೋಗುವುದೂ ಅದನ್ನೇ.

ಲಾರಿಗಳು ಬರುವ ಹಿಂದಿನ ವಾರ ಅವಳು ರಬ್ಬರ್ ಬೂಟು ಹಾಕಿಕೊಂಡು ಜೌಗಿನ ಅಂಚಿಗೆ ಹೋಗಿದ್ದಳು. ಏನು ತರಬೇಕೆಂದು ಯೋಚಿಸಿ ಹೋದದ್ದಲ್ಲ. ದಡದ ಕೆಸರಿನಲ್ಲಿ ಸೂಜಿಹುಲ್ಲು ಹಬ್ಬಿತ್ತು, ಪೈನ್ ಮರದ ಎಲೆಯಷ್ಟು ಸಣ್ಣಗೆ, ಬೆರಳುದ್ದ. ಅಂಗೈಯಗಲದ ಹೆಂಟೆಗಳನ್ನು ಎತ್ತಿ ಬಕೆಟಿಗೆ ತುಂಬಿಕೊಂಡು ಬಂದು, ಹಿತ್ತಿಲಿನ ಹಳೆಯ ಬಟ್ಟೆ ತೊಳೆಯುವ ಬಾನಿಯಲ್ಲಿ ಹರಡಿದಳು. ಆ ಚಳಿಗಾಲ ಬಾನಿ ತಳದವರೆಗೆ ಹೆಪ್ಪುಗಟ್ಟಿತು. ವಸಂತದಲ್ಲಿ ನೀರು ಕರಗಿದಾಗ ಬಾನಿಯ ತುಂಬ ಇದ್ದದ್ದು ಒಂದು ಬೊಗಸೆಗೆ ಇಳಿದಿತ್ತು. ಜೌಗಿನದು ಅಂತ ಭೂಮಿಯ ಮೇಲೆ ಉಳಿದದ್ದು ಅಷ್ಟೇ.

ಅದೇ ವಸಂತದಲ್ಲಿ ಗೋದಾಮಿನ ಕಂಪನಿಯಿಂದ ಹೊನ್ಮಾ ಅಂಗಡಿಗೆ ಕೆಲಸ ಬಂತು. ಅವರ ಹೊಸ ಕಟ್ಟಡದ ಮೊಗಸಾಲೆಯಲ್ಲಿ ಆಳುದ್ದದ ತೊಟ್ಟಿ, ಅದರೊಳಗೆ ಕೊಮೊಗಾತಾ ಜೌಗಿನ ನೋಟ. ಆಗಸ್ಟಿನಲ್ಲಿ ಹಿರಿಯರನ್ನು ನೆನೆಯುವ ಬೋನ್ ಹಬ್ಬಕ್ಕೆ ಮುಂಚೆ ಉದ್ಘಾಟನೆ. ಹೊನ್ಮಾ ವಿಷಯ ತೆಗೆಯುವ ಮೊದಲು ಎರಡು ಸಲ ಚಹಾ ಬಗ್ಗಿಸಿದರು. ಅವರು ಕೆಟ್ಟ ಮನುಷ್ಯರಲ್ಲ. ಬೇಡವಾದರೆ ಬೇರೆಯವರನ್ನು ಕಳಿಸುತ್ತೇನೆ, ಆದರೆ ಇಂಥ ಮುಂದಿನ ಸಾಲು ಬೇರೆ ಯಾರ ಕೈಯಲ್ಲೂ ಏಳುವುದಿಲ್ಲ ಎಂದು ಒಂದೇ ಉಸಿರಿನಲ್ಲಿ ಬಿಡುವು, ಬಂಧನ ಎರಡನ್ನೂ ಕೊಟ್ಟರು. ಚಿಜುರು ಒಂದು ರಾತ್ರಿ ಯೋಚಿಸಿ ಹೂಂ ಎಂದಳು.

ಗಿಡದ ಆಯ್ಕೆಯಲ್ಲಿ ಜಗಳವಾಯಿತು. ಹೊನ್ಮಾಗೆ ದಕ್ಷಿಣ ಅಮೆರಿಕದ ದುಂಡೆಲೆಯ ಪುಟ್ಟ ಬಳ್ಳಿ ಬೇಕಿತ್ತು. ಅದು ಬೇಗ ಹಬ್ಬುತ್ತದೆ, ಎಳೆ ಹಸಿರು, ಫೋಟೊದಲ್ಲಿ ನಗುತ್ತದೆ. ಸೂಜಿಹುಲ್ಲು ಮೊದಮೊದಲು ಮುನಿಸಿಕೊಂಡು ಕೂರುವ ಜಾತಿ. ಎಲ್ಲೆಲ್ಲೋ ಬೋಳು ಕಾಣುತ್ತದೆ, ಹಬ್ಬದ ಹೊತ್ತಿಗೆ ಏಳದಿದ್ದರೆ ಮರ್ಯಾದೆ ಹೋಗುವುದು ಅಂಗಡಿಯದು. ಚಿಜುರು ಅದನ್ನೆಲ್ಲ ಅಲ್ಲಗಳೆಯಲಿಲ್ಲ.

"ಅವರು ಕೇಳಿರೋದು ಜೌಗಿನ ನೋಟ ತಾನೇ, ಯಜಮಾನ್ರೇ? ಜೌಗಿನ ದಡದಲ್ಲಿ ಆ ಬಳ್ಳಿ ನೀವು ಕಂಡಿದ್ರಾ?"

"ನಾನು ಜೌಗಿಗೆ ಹೋಗಿದ್ದು ಒಂದೇ ಸಲ ಕಣಮ್ಮ, ಅದೂ ಗಾಳ ಹಾಕೋಕೆ. ನಿನ್ನ ಹಾಗೆ ನೆಲ ನೋಡ್ಕೊಂಡು ಓಡಾಡಿಲ್ಲ," ಎಂದು ಹೊನ್ಮಾ ನಕ್ಕು ಸೋತರು.

ತಾಯಿ ಅಷ್ಟು ಸುಲಭಕ್ಕೆ ಬಿಡಲಿಲ್ಲ. ಚಿಜುರು ಬಾನಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಹೆಂಟೆ ಎತ್ತುತ್ತಿದ್ದಾಗ ಸಾವಾ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ಹೂತು ಹಾಕಿದವರ ಮನೆಗೇ ಹೋಗಿ ಅಲಂಕಾರ ಮಾಡ್ಕೊಡ್ತೀಯಾ, ಚಿಜು?"

"ಇನ್ನೊಂದು ಚಳಿಗಾಲ ಈ ಬಾನೀಲಿ ತಡೆಯಲ್ಲಮ್ಮ. ಅಲ್ಲಾದ್ರೂ ಬದುಕ್ಲಿ. ನೋಡಿದವರು ಇದೇನು ಅಂತ ಕೇಳ್ತಾರೆ. ಕೇಳಿದ್ರೆ ಎಲ್ಲಿಂದ ಬಂತು ಅಂತ ಹೇಳ್ಲೇಬೇಕಲ್ಲ."

"ಯಾರು ಹೇಳೋದು? ನೀನು ಅಲ್ಲಿ ದಿನಾ ನಿಂತಿರ್ತೀಯಾ?"

ಚಿಜುರು ಮುಂದಿನ ಹೆಂಟೆಗೆ ಬೆರಳು ಹಾಕಿದಳು. ಸಾವಾ ಒಳಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡಳು. ಆದರೆ ಬೆಳಿಗ್ಗೆ ಬುತ್ತಿಗೆ ಅನ್ನದುಂಡೆ ಕಟ್ಟಿಕೊಡುವಾಗ, ಬೇರು ಒಣಗದ ಹಾಗೆ ಸುತ್ತಲು ಒದ್ದೆ ಬಟ್ಟೆಯನ್ನೂ ಕೊಟ್ಟಳು.

ನೆಟ್ಟದ್ದು ಜಡಿಮಳೆಯ ಕಾಲದಲ್ಲಿ, ಕಂಪನಿಯ ಮೊಗಸಾಲೆಯ ತೊಟ್ಟಿಯಲ್ಲೇ. ಸುಟ್ಟ ಮಣ್ಣಿನ ಕಾಳುಗಳನ್ನು ಹಿಂದೆ ಎತ್ತರವಾಗಿ, ಮುಂದೆ ತೆಳುವಾಗಿ ಇಳಿಜಾರು ಮಾಡಿ, ಬೆರಳು ಮುಳುಗುವಷ್ಟೇ ನೀರು ಬಿಟ್ಟಳು. ಹುಲ್ಲಿನ ತುದಿಯನ್ನು ಕತ್ತರಿಯಿಂದ ಸವರಿ, ಹೆಂಟೆಯನ್ನು ನಾಲ್ಕೈದು ಎಳೆಗಳ ಎಸಳಾಗಿ ಬಿಡಿಸಿದಳು. ದೊಡ್ಡ ಹೆಂಟೆಯನ್ನೇ ಊರಿದರೆ ಕೆಲಸ ಬೇಗ ಮುಗಿಯುತ್ತದೆ, ನಡು ಮಾತ್ರ ಕೊಳೆಯುತ್ತದೆ. ಒಂದೊಂದೇ ಎಸಳನ್ನು ಉದ್ದ ಚಿಮಟದ ತುದಿಯಲ್ಲಿ ಹಿಡಿದು, ಓರೆಯಾಗಿ ಮಣ್ಣಿಗೆ ತಳ್ಳಿ, ಅಲುಗಿಸಿ ಚಿಮಟವನ್ನು ಹಿಂದಕ್ಕೆ ಎಳೆಯಬೇಕು. ನೇರ ಊರಿದ್ದು ತೇಲಿ ಮೇಲೆ ಬರುತ್ತದೆ. ಎಸಳಿಗೂ ಎಸಳಿಗೂ ನಡುವೆ ಬೆರಳಗಲ ಜಾಗ ಬಿಡಬೇಕು, ಯಾಕೆಂದರೆ ಅದು ಹರಿಯುವ ಹುಲ್ಲು, ತುಂಬುವ ಕೆಲಸ ಅದರದು. ಒಂದು ಬೊಗಸೆ ಹುಲ್ಲು ಆಳುದ್ದದ ತೊಟ್ಟಿಯ ಅಂಚಿನುದ್ದಕ್ಕೂ ತೆಳ್ಳಗೆ, ಬಡವರ ಮನೆಯ ಊಟದಂತೆ, ಎಲ್ಲರಿಗೂ ಸ್ವಲ್ಪ ಸ್ವಲ್ಪ ಸಿಕ್ಕಿತು. ಬಾನಿಯಲ್ಲಿ ಏನೂ ಉಳಿಯಲಿಲ್ಲ.

ಆಮೇಲೆ ತೊಟ್ಟಿ ತುಂಬಿಸಿದಳು. ಹುಲ್ಲು ಹಳದಿಯಾಯಿತು. ಗಾಳಿಯಲ್ಲಿ ಬೆಳೆದ ಎಲೆ ನೀರಿನೊಳಗೆ ಬಾಳುವುದಿಲ್ಲ. ಅದನ್ನು ಕೊಳೆಯಲು ಬಿಟ್ಟು, ಗಿಡ ಬುಡದಿಂದ ಬೇರೆಯೇ ಎಲೆ ತೆಗೆಯಬೇಕು. ಮಣ್ಣಿನ ಮೇಲೆ ಕಂದು ಪಾಚಿ ಕೂತಿತು. ಚಿಜುರು ಕೊಳೆತ ಎಲೆಗಳನ್ನು ನಳಿಗೆಯಿಂದ ಹೀರಿ ತೆಗೆದಳು, ಬೆಳಕು ಉರಿಯುವ ಹೊತ್ತನ್ನು ಇಳಿಸಿದಳು, ಅರ್ಧರ್ಧ ನೀರು ಬದಲಿಸಿದಳು, ಪಾಚಿ ತಿನ್ನಲು ಸಿಗಡಿ ಬಿಟ್ಟಳು. ಗೊಬ್ಬರ ಹಾಕಲಿಲ್ಲ, ಬೇರಿಲ್ಲದವನಿಗೆ ಬಡಿಸಿದ್ದು ಪಾಚಿಯ ಪಾಲಾಗುತ್ತದೆ.

ಕಂಪನಿಯ ಪ್ರಚಾರ ವಿಭಾಗದ ಕಜಾಮಾ ಎಂಬವನು ದಿನಾ ಬಂದು ತೊಟ್ಟಿಯ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದ. ಒಳ್ಳೆಯ ಸೂಟು, ಒಳ್ಳೆಯ ಮಾತು, ಪ್ರತಿ ಮಾತಿಗೂ ತಲೆಬಾಗುವ ಅಭ್ಯಾಸ. ಇದು ಸತ್ತಿತೇ ಎಂದು ಕೇಳಿದ. ಇಲ್ಲ, ಮನೆ ಬದಲಿಸುತ್ತಿದೆ ಎಂದಳು. ಹಾಗಾದರೆ ಬೇಗ ಬದಲಿಸಲು ಹೇಳಿ ಎಂದು ಕಜಾಮಾ ತಮಾಷೆ ಮಾಡಿ, ತಾನೇ ಮೊದಲು ನಕ್ಕ.

ಜಡಿಮಳೆ ಮುಗಿದು ಬಿಸಿಲು ಏರಿದ ಒಂದು ಬೆಳಿಗ್ಗೆ, ಮುಂದಿನ ಗಾಜಿಗೆ ಒತ್ತಿಕೊಂಡ ಮಣ್ಣಿನೊಳಗೆ ಬಿಳಿಯ ಎಳೆಯೊಂದು ಅಡ್ಡಡ್ಡ ಓಡಿರುವುದು ಕಂಡಿತು. ಹೊಲಿಗೆಯ ದಾರದಷ್ಟು ಸಣ್ಣದು, ಅದರ ಮೇಲೆ ಬೆರಳಗಲಕ್ಕೊಂದು ಹಸಿರು ಮೊನೆ. ಚಿಜುರು ಕಲ್ಲುಹಾಸಿನ ಮೇಲೆ ಮೊಣಕಾಲೂರಿ ಕೂತು ಇನ್ನೊಂದು ಎಳೆ ಹುಡುಕಿದಳು, ಸಿಕ್ಕಿತು. ಸಂಜೆ ಮನೆಯಲ್ಲಿ ಹೇಳಿದಾಗ ಸಾವಾ ಮಿಸೊ ಸಾರಿನ ಬಟ್ಟಲಿನಿಂದ ಮುಖ ಎತ್ತದೆ, ಅದು ಎಲ್ಲಾದರೂ ಹಬ್ಬುವ ಹುಲ್ಲೇ ಎಂದಳು. ಸ್ವಲ್ಪ ಹೊತ್ತಿನ ಮೇಲೆ, ಎಷ್ಟು ದೂರ ಹೋಗಿದೆ ಎಂದು ಕೇಳಿದಳು.

ಉದ್ಘಾಟನೆಗೆ ವಾರವಿದ್ದಾಗ ಚಿಜುರು ಮೊಗಸಾಲೆಗೆ ಬಂದರೆ, ತೊಟ್ಟಿಯ ಮೇಲಿನ ಗೋಡೆಯಲ್ಲಿ ಹಿತ್ತಾಳೆಯ ಫಲಕ ಕೂತಿತ್ತು. "ಕೊಮೊಗಾತಾ ಜೌಗು. ಊರಿನವರೆಲ್ಲರ ಒಮ್ಮನಸ್ಸಿನ ಒಪ್ಪಿಗೆಯಿಂದ ನಮ್ಮ ಕೈಸೇರಿ, ಇಂದಿಗೂ ಇಲ್ಲಿ ಜೀವಂತ." ಅವಳು ಅದನ್ನು ಓದಿದಳು. ಮತ್ತೆ ಓದಿದಳು. ಹುಲ್ಲು ಬದುಕಿದರೆ ತನ್ನ ಕಥೆ ತಾನೇ ಹೇಳುತ್ತದೆ ಎಂದು ಇಷ್ಟು ದಿನ ಅಂದುಕೊಂಡಿದ್ದಳು. ಹುಲ್ಲಿಗೆ ಬಾಯಿಲ್ಲ. ಅದರ ಪರವಾಗಿಯೂ ಯಾರೋ ಮಾತಾಡಿ ಮುಗಿಸಿದ್ದರು.

ಕೆಳಗೆ ಕಜಾಮಾ, ಪಕ್ಕದಲ್ಲಿ ಹೊನ್ಮಾ. ಹೊನ್ಮಾರ ಕಾಲ ಬಳಿ ಥರ್ಮಾಕೋಲ್ ಪೆಟ್ಟಿಗೆಗಳು. ಅವುಗಳೊಳಗೆ ದೂರದ ಯಾವುದೋ ಗಿಡದ ತೋಟದಲ್ಲಿ ಬೆಳೆಸಿ ಚಾಪೆಯಂತೆ ಸುತ್ತಿ ಕಳಿಸಿದ ಹುಲ್ಲು. ಈಗಿರುವುದು ಚೆನ್ನಾಗಿಲ್ಲವೆಂದಲ್ಲ, ಅಧ್ಯಕ್ಷರು ಬರುವ ದಿನ ನೆಲ ಕಾಣಬಾರದು ಅಷ್ಟೇ ಎಂದು ಕಜಾಮಾ ವಿವರಿಸಿದ. ಇವತ್ತೇ ಇದನ್ನು ಕಿತ್ತು ಚಾಪೆ ಹಾಸಿದರೆ ಎಲ್ಲರಿಗೂ ಅನುಕೂಲ. ಕಿತ್ತದ್ದನ್ನು ಬೇಕಿದ್ದರೆ ಚಿಜುರು ಮನೆಗೆ ಒಯ್ಯಬಹುದು, ಕಂಪನಿಯ ಆಕ್ಷೇಪಣೆ ಇಲ್ಲ.

"ಇದೂ ಸೂಜಿಹುಲ್ಲೇ ಅಲ್ವಾ?" ಎಂದ. "ನೋಡೋವ್ರಿಗೆ ಏನು ವ್ಯತ್ಯಾಸ ಗೊತ್ತಾಗುತ್ತೆ?"

ಗೊತ್ತಾಗುವುದಿಲ್ಲ ಎಂಬುದು ಚಿಜುರುವಿಗೂ ಗೊತ್ತಿತ್ತು. ಅದೇ ಅವಳ ಮೈ ಉರಿಸಿದ್ದು. ಈಗ ತಾನೇ ಹರಿಯತೊಡಗಿದ ಬೇರು ಕಿತ್ತರೆ ಮುಕ್ಕಾಲು ಪಾಲು ಸಾಯುತ್ತದೆ. ಉಳಿದದ್ದು ಮತ್ತೊಂದು ಬಾನಿ, ಮತ್ತೊಂದು ಹಿಮ. ಅವಳು ಆಗಲೇ ಮೆಟ್ಟಿಲು ಸ್ಟೂಲು ಹತ್ತಿ, ಹುಲ್ಲಿಗೆ ಅಡ್ಡವಾಗಿ ತೋಳನ್ನು ಮೊಣಕೈವರೆಗೆ ನೀರಿಗೆ ಇಳಿಸಿದ್ದಳು.

"ಆ ಫಲಕ ತೆಗೀರಿ, ಕಜಾಮಾ-ಸಾನ್. ತೆಗೆದ್ರೆ ನಾನೇ ಕಿತ್ತು ನಿಮ್ಮ ಚಾಪೆ ಹಾಸಿಕೊಡ್ತೀನಿ. ಸುಂದರವಾಗೇ ಹಾಸ್ತೀನಿ."

ಫಲಕದ ಮಾತು ಮುಖ್ಯ ಕಚೇರಿ ಒಪ್ಪಿದ ಮಾತು, ಅದು ತನ್ನ ಕೈಯಲ್ಲಿಲ್ಲ ಎಂದು ಕಜಾಮಾ ತಲೆಬಾಗಿದ. ಅದರಲ್ಲಿ ತಪ್ಪೇನೂ ಇಲ್ಲವಲ್ಲ. ಎಲ್ಲ ಮನೆಯವರೂ ಒಪ್ಪಿದ್ದಾರೆ. ನಾಗುಮೊ ಮನೆಯವರೂ.

"ನಮ್ಮ ಮನೆಯವ್ರು ಅಂದ್ರೆ ನಮ್ಮಮ್ಮ. ಅವರನ್ನ ಯಾರು ಕೇಳಿದ್ರು?"

ಕಜಾಮಾ ಹೊನ್ಮಾರ ಮುಖ ನೋಡಿದ. ಇದು ಊರೊಳಗಿನ ವಿಷಯ, ದಯವಿಟ್ಟು ಅರ್ಥ ಮಾಡಿಕೊಳ್ಳಿ, ಮೊದಲು ಕೆಲಸ ಮುಗಿಯಲಿ ಎಂದ. ಹೊನ್ಮಾ ಸ್ಟೂಲಿನ ಹತ್ತಿರ ಬಂದು ಧ್ವನಿ ತಗ್ಗಿಸಿದರು. ಈ ಕಂಪನಿಯ ಉಳಿದ ಕಟ್ಟಡಗಳ ಕೆಲಸವೂ ಅಂಗಡಿಗೇ ಬರುವುದರಲ್ಲಿತ್ತು. ಅದು ಚಿಜುರುವಿಗೂ ಗೊತ್ತು. ಅವರ ಬೋಳುತಲೆಯ ಮೇಲೆ ಬೆವರು ಕೂತಿತ್ತು.

"ನೀನು ಕೀಳೋದೇನೂ ಬೇಡ ಮಾರಾಯ್ತಿ. ಇಳಿದು ಬಾ, ನಾನೇ ಕೀಳ್ತೀನಿ. ನೀನು ಆಚೆ ಹೋಗಿ ಒಂದು ಕಾಫಿ ಕುಡಿ. ನೀನು ಇರ್ಲೇ ಇಲ್ಲ ಅಂದ್ಕೊ."

ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಚಿಜುರು ಅವರ ಕೈಯಲ್ಲಿದ್ದ ಚಿಮಟವನ್ನು ನೋಡಿದಳು. ಅವಳ ಬೆರಳುಗಳ ಸುತ್ತ ಸಿಗಡಿಗಳು ಬಂದು ಚರ್ಮ ಮೂಸುತ್ತಿದ್ದವು. ಈ ಹುಲ್ಲು ಹೋದರೆ ಗೋಡೆಯ ಮೇಲಿನ ಮಾತಿನಲ್ಲಿ ಒಂದಕ್ಷರವೂ ನಿಜವಾಗಿ ಉಳಿಯುವುದಿಲ್ಲ. ಒಮ್ಮನಸ್ಸಿನ ಒಪ್ಪಿಗೆ ಎಂಬ ಮೊದಲ ಸುಳ್ಳು ಕಂಪನಿಯವರದು. ಇಂದಿಗೂ ಜೀವಂತ ಎಂಬ ಎರಡನೆಯದಕ್ಕೆ ಅವರಿಗೆ ಬೇಕಾಗಿದ್ದದ್ದು ಅವಳ ಕೈ, ಇಲ್ಲವೇ ಅವಳು ಬಿಟ್ಟುಕೊಟ್ಟ ಜಾಗ.

"ಇಳಿ ಚಿಜುರು," ಎಂದರು ಹೊನ್ಮಾ, ಈಗ ಯಜಮಾನರ ಧ್ವನಿಯಲ್ಲಿ.

"ಇಳಿಯಲ್ಲ ಯಜಮಾನ್ರೇ," ಎಂದಳು ಅವಳು. "ಕೀಳೋದೂ ಇಲ್ಲ, ಕೀಳೋಕೆ ಬಿಡೋದೂ ಇಲ್ಲ."