ಗುಳಿಗೆ ಆರಕ್ಕೆ, ನಾಷ್ಟಾ ಹತ್ತೂವರೆಗೆ

ಪುಣೆಯ ಬಿಬವೇವಾಡಿಯ ಆ ಮನೆಯಲ್ಲಿ ಎರಡು ಕೋಣೆ, ಒಂದು ಬಚ್ಚಲು, ನಾಲ್ಕು ಜನ. ನಳದ ನೀರು ಬೆಳಿಗ್ಗೆ ಐದೂವರೆಗೆ ಬಂದು ಏಳೂವರೆಗೆ ಹೋಗುತ್ತಿತ್ತು. ಹಾಗಾಗಿ ಬಚ್ಚಲಿಗೆ ಒಂದು ಪಾಳಿ ಇತ್ತು. ಮೊದಲು ಹೊಳಬಸಪ್ಪ. ಅವನು ಮಾರ್ಕೆಟ್ ಯಾರ್ಡಿನ ಒಂದು ಕಾಳಿನ ಅಂಗಡಿಯಲ್ಲಿ ಗುಮಾಸ್ತ, ಎಂಟಕ್ಕೆ ಅಲ್ಲಿರಬೇಕು. ಆಮೇಲೆ ಮಗಳು ನೀತಾ, ಅವಳ ಶಾಲೆ ಏಳೂವರೆಗೆ. ಅವರು ಹೋದ ಮೇಲೆ ಹೆಂಡತಿ ರೇಣು ಬಟ್ಟೆ ಒಗೆದು, ಪಾತ್ರೆ ತಿಕ್ಕಿ, ತಾನೂ ಸ್ನಾನ ಮಾಡಿ ಹೊರಬರಬೇಕು. ಎಲ್ಲರ ಕೊನೆಗೆ ಹೊಳಬಸಪ್ಪನ ತಾಯಿ ಶಿವಗಂಗವ್ವ. ಅವರ ಪಾಳಿ ಬರುವ ಹೊತ್ತಿಗೆ ಒಂಬತ್ತೂವರೆ.

ಈ ಪಾಳಿಯನ್ನು ಅವರ ಮೇಲೆ ಯಾರೂ ಹೇರಿರಲಿಲ್ಲ. ಕೊನೆಯ ಜಾಗವನ್ನು ಅವರೇ ಹಿಡಿದುಕೊಂಡಿದ್ದರು. “ನನಗೇನು ಕಚೇರಿ ಅದನ, ಶಾಲಿ ಅದನ?” ಎನ್ನುತ್ತಿದ್ದರು.

ಸ್ನಾನ ಮತ್ತು ಇಷ್ಟಲಿಂಗ ಪೂಜೆ ಆಗುವವರೆಗೆ ಶಿವಗಂಗವ್ವ ಹನಿ ನೀರನ್ನೂ ಮುಟ್ಟುವವರಲ್ಲ. ಲಗ್ನವಾದಾಗಿನಿಂದ ನಡೆಸಿಕೊಂಡು ಬಂದ ನೇಮ ಅದು. ನೇಮದಲ್ಲಿ ತಪ್ಪೇನೂ ಇರಲಿಲ್ಲ. ಊರಲ್ಲಿದ್ದಾಗ ಅವರು ಐದಕ್ಕೆ ಸ್ನಾನ ಮಾಡಿ, ಆರಕ್ಕೆ ಪೂಜೆಗೆ ಕೂತು, ಏಳಕ್ಕೆ ರೊಟ್ಟಿ ತಿನ್ನುತ್ತಿದ್ದರು. ಪುಣೆಯ ನಳ ಮತ್ತು ಒಂದೇ ಬಚ್ಚಲು ಸೇರಿ ಆ ಏಳು ಗಂಟೆಯನ್ನು ಹತ್ತೂವರೆ ಮಾಡಿದ್ದವು.

೨೦೦೩ರ ಬೇಸಿಗೆಯಲ್ಲಿ ಅವರಿಗೆ ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾಯಿತು. ದಿನಾ ಬೆಳಿಗ್ಗೆ ಒಂದು ಗುಳಿಗೆ ತೆಗೆದುಕೊಂಡು, ಅರ್ಧ ಗಂಟೆಯೊಳಗೆ ತಪ್ಪದೆ ನಾಷ್ಟಾ ಮಾಡಬೇಕು ಎಂದು ಡಾಕ್ಟರರು ಹೇಳಿದರು. ಶಿವಗಂಗವ್ವ ಗುಳಿಗೆಯನ್ನು ಗಟ್ಟಿಯಾಗಿ ನೆನಪಿಟ್ಟುಕೊಂಡರು, ನಾಷ್ಟಾವನ್ನು ಬಿಟ್ಟರು. ಆರಕ್ಕೆ ಏಳುತ್ತಲೇ ಗುಳಿಗೆ. ನೀರು ಕುಡಿದರೆ ನೇಮ ಕೆಡುತ್ತದೆಂದು ಅದನ್ನು ಒಣದಾಗಿಯೇ ನುಂಗುತ್ತಿದ್ದರು. ಔಷಧ ಅನ್ನವಲ್ಲ, ಅದಕ್ಕೆ ದೇವರ ಅಡ್ಡಿಯಿಲ್ಲ ಎಂದು ಅವರೇ ತೀರ್ಮಾನಿಸಿದ್ದರು.

ಆಗಾಗ ಒಂಬತ್ತರ ಸುಮಾರಿಗೆ ಕೈ ನಡುಗುತ್ತಿತ್ತು. ವಯಸ್ಸಾಯಿತು ಎಂದುಕೊಂಡು ಸುಮ್ಮನಾಗುತ್ತಿದ್ದರು.

ಶ್ರಾವಣದ ಎರಡನೇ ಸೋಮವಾರ ರೇಣುವಿಗೆ ಬಟ್ಟೆ ಹೆಚ್ಚಿದ್ದವು. ಅವಳು ಬಚ್ಚಲಿನಿಂದ ಹೊರಬಂದಾಗ ಹತ್ತು ಗಂಟೆ. ಶಿವಗಂಗವ್ವ ಗೋಡೆಗೆ ಒರಗಿ ಕೂತಿದ್ದರು. ಸೀರೆಯ ಸೆರಗು ಬೆವರಿನಲ್ಲಿ ತೊಯ್ದಿತ್ತು. ಮೊಮ್ಮಗಳಿಗೆಂದು ತಂದಿಟ್ಟ ರಿಬ್ಬನ್ನನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು.

“ಅತ್ತಿ, ನೀರು ಕಾದಾವರಿ, ಏಳ್ರಿ.”

“ಎಮ್ಮಿ ಹಿಂಡಿದೇನು?” ಎಂದರು ಶಿವಗಂಗವ್ವ.

ಎಮ್ಮೆ ಮಾರಿ ಹದಿನಾರು ವರ್ಷವಾಗಿತ್ತು. ರೇಣು ಬಾಗಿಲಿಗೆ ಓಡಿ ಪಕ್ಕದ ಮನೆಯ ವಸಂತಿಯನ್ನು ಕೂಗಿದಳು.

ವಸಂತಿ ಉಡುಪಿ ಕಡೆಯವಳು. ಗಂಡ ಲೋಕನಾಥ ಕೊಂಢವಾದಲ್ಲಿ ಸಣ್ಣ ಹೋಟೆಲ್ ನಡೆಸುತ್ತಿದ್ದ. ಅವಳು ಹನ್ನೆರಡು ವರ್ಷದಿಂದ ಒಬ್ಬ ಡಾಕ್ಟರರ ದವಾಖಾನೆಯಲ್ಲಿ ಕೆಲಸಕ್ಕಿದ್ದಳು. ಒಳಗೆ ಬಂದವಳೇ ಶಿವಗಂಗವ್ವನ ಹಣೆ ಮುಟ್ಟಿ ನೋಡಿದಳು.

“ತಣ್ಣಗೆ ಉಂಟಲ್ಲ. ಬೆಳಿಗ್ಗೆ ಎಂತ ತಿಂದಿದ್ದಾರೆ?”

“ಏನೂ ಇಲ್ರಿ. ಪೂಜಿ ಆಗಿಲ್ಲ.”

“ಗುಳಿಗೆ?”

“ಅದು ಆರಕ್ಕೇ ಆಗೇದ.”

“ಸಕ್ಕರೆ ತಾ. ಒಂದು ಲೋಟ ನೀರಿಗೆ ಮೂರು ಚಮಚ. ಬೇಗ.”

ರೇಣು ಸಕ್ಕರೆಯ ಡಬ್ಬಿ ಹಿಡಿದು ನಿಂತುಬಿಟ್ಟಳು. “ವೈನಿ, ಅವರಿಗೆ ಸಕ್ರಿ ಬ್ಯಾನಿ ಅದರಿ. ನಾಳೆ ಏನರ ಆದ್ರ ನನ್ನ ಮ್ಯಾಲ ಬರ್ತದ.”

“ಈಗ ಕೊಡದಿದ್ರೆ ಇವತ್ತೇ ಆಗ್ತದೆ ಮಾರಾಯ್ತಿ. ಗುಳಿಗೆ ಸಕ್ಕರೆಯನ್ನು ಇಳಿಸಿದೆ, ಹೊಟ್ಟೆಗೆ ಒಂದು ತುತ್ತು ಹೋಗಲಿಲ್ಲ. ಇನ್ನು ಇಳಿದ್ರೆ ಎಚ್ಚರ ತಪ್ಪುತ್ತದೆ. ಎಚ್ಚರ ತಪ್ಪಿದ ಮೇಲೆ ಬಾಯಿಗೆ ಏನೂ ಹಾಕ್ಲಿಕ್ಕೆ ಆಗುದಿಲ್ಲ, ಗಂಟಲಿಗೆ ಸಿಕ್ಕಿಬೀಳ್ತದೆ. ಆಸ್ಪತ್ರೆಗೇ ಓಡ್ಬೇಕು.”

ನೀರು ತುಟಿಗೆ ಬಂದಾಗ ಶಿವಗಂಗವ್ವ ಹಲ್ಲು ಕಚ್ಚಿದರು. ಎಮ್ಮೆ ಮಾರಿದ್ದು ನೆನಪಿರಲಿಲ್ಲ, ನೇಮ ನೆನಪಿತ್ತು. “ಪೂಜಿ” ಎಂದು ಮುಖ ತಿರುಗಿಸಿದರು.

ವಸಂತಿ ಗಲ್ಲ ಹಿಡಿದಳು. “ಗುಟುಕು ಗುಟುಕಾಗಿ ಕುಡೀರಿ ಅಮ್ಮ. ಪಾಪ ಬಂದ್ರೆ ನನಗೆ ಬರಲಿ. ನಮ್ಮದು ಹೇಗೂ ಹೋಟೆಲಿನ ಮನೆ, ಎಲ್ಲ ಜಾತಿಯ ಪಾಪ ನಡೀತದೆ.”

ಕಾಲು ಗಂಟೆಯಲ್ಲಿ ಬೆವರು ನಿಂತಿತು. ರೇಣು ಎರಡು ಚಮಚ ಮೊಸರನ್ನ ತಿನ್ನಿಸಿದಳು. ದವಾಖಾನೆಗೆ ಕರೆದೊಯ್ದು ನೋಡಿದಾಗ, ಇಷ್ಟೆಲ್ಲ ಆದ ಮೇಲೂ ರಕ್ತದಲ್ಲಿ ಸಕ್ಕರೆ ಕಡಿಮೆಯೇ ಇತ್ತು. ಡಾಕ್ಟರರು ಕೇಳಿದ್ದು ಒಂದೇ ಮಾತು: ಇನ್ನು ಅರ್ಧ ಗಂಟೆ ಯಾರೂ ನೋಡದೆ ಹೋಗಿದ್ದರೆ?

ಸಂಜೆ ಹೊಳಬಸಪ್ಪ ಮನೆಗೆ ಬಂದ. ವಸಂತಿ ವಿಚಾರಿಸಲು ಬಂದಳು. ಶಿವಗಂಗವ್ವ ಅವಳಿಗೆ ಬೆನ್ನು ಮಾಡಿ ಕೂತರು.

“ನಲವತ್ತೊಂದು ವರ್ಷದ ನೇಮ,” ಎಂದರು ಗೋಡೆಗೆ. “ಒಂದು ಲೋಟ ನೀರಿಗೆ ಹೋತು. ಇದೆಲ್ಲಾ ಆ ಗುಳಿಗಿ ಮಾಡಿದ್ದು. ನಾಳಿಂದ ಗುಳಿಗೀನೂ ಬ್ಯಾಡ, ದವಾಖಾನೀನೂ ಬ್ಯಾಡ.”

“ಹಂಗ ಮಾಡವ್ವಾ,” ಎಂದ ಹೊಳಬಸಪ್ಪ. ಅವನಿಗೆ ಎಲ್ಲ ಬೇಗ ಮುಗಿದರೆ ಸಾಕಿತ್ತು.

“ಚೆನ್ನಾಗಿ ಹೇಳಿದ್ರಿ,” ಎಂದಳು ವಸಂತಿ. “ಗುಳಿಗೆ ಬಿಟ್ರೆ ಸಕ್ಕರೆ ಏರ್ತದೆ. ಮೊದಲು ಕಾಲಿನ ಗಾಯ ಮಾಯುದಿಲ್ಲ, ಆಮೇಲೆ ಕಣ್ಣು ಮಂಜಾಗ್ತದೆ. ದವಾಖಾನೆಯಲ್ಲಿ ನಾನು ದಿನಾ ನೋಡ್ತೇನೆ. ಗುಳಿಗೆಯದ್ದು ತಪ್ಪಲ್ಲ. ಪೂಜೆಯದ್ದೂ ತಪ್ಪಲ್ಲ. ಗುಳಿಗೆಗೂ ರೊಟ್ಟಿಗೂ ನಡುವೆ ನಾಲ್ಕೂವರೆ ಗಂಟೆ ಉಂಟಲ್ಲ, ಅದು ತಪ್ಪು.”

“ಪೂಜಿ ಬಿಡು ಅಂತೀಯೇನ?”

“ಯಾರು ಹೇಳಿದ್ದು? ಪೂಜೆ ಬೇಗ ಮಾಡಿ ಅಂತೇನೆ. ಊರಲ್ಲಿ ಆರು ಗಂಟೆಗೆ ಪೂಜೆಗೆ ಕೂರ್ತಿದ್ದೆ ಅಂತ ನೀವೇ ಹೇಳಿದ್ದು. ಇಲ್ಲಿ ಯಾಕೆ ಆಗುದಿಲ್ಲ?”

“ಬಚ್ಚಲಾ ಎಲ್ಲಿ ಖಾಲಿ ಇರ್ತದ? ಅಂವ ದುಡಿಯಾಕ ಹೋಗಾಂವ. ಹುಡುಗಿ ಶಾಲಿಗೆ ಹೋಗಾಕಿ. ಮನ್ಯಾಗ ಕುಂತಾಕಿ ನಾ ಮೊದಲ ಹೋಗಿ ಜಳಕ ಮಾಡ್ಲೇನು?”

ಹೊಳಬಸಪ್ಪ ಚಪ್ಪಲಿ ಬಿಚ್ಚುವ ನೆಪದಲ್ಲಿ ತಲೆ ತಗ್ಗಿಸಿದ. ಬೆಳಿಗ್ಗೆ ಬಚ್ಚಲಿನಲ್ಲಿ ಅವನಿಗೆ ಅರ್ಧ ಗಂಟೆ ಬೇಕಾಗುತ್ತಿತ್ತು, ಅದರಲ್ಲಿ ಹತ್ತು ನಿಮಿಷ ಹಾಡು.

ವಸಂತಿ ಅವನ ಕಡೆ ತಿರುಗಿದಳು. “ನೀವು ಬೆಳಿಗ್ಗೆ ಎಂತ ತಿಂದು ಹೋಗುದು?”

“ಚಹಾ. ಮತ್ತ ನಾಕು ಖಾರಿ ಬಿಸ್ಕೀಟ.”

“ಅಪ್ಪಾ ಖಾರಿ ಚಹಾದಾಗ ಮುಳುಗಿಸಿ ಪೇಪರ್ ಓದ್ತಾರ್ರಿ ಕಾಕೂ,” ಎಂದಳು ನೀತಾ. “ಆಮ್ಯಾಲ ಚಮಚಾ ಹಾಕಿ ಹುಡುಕ್ತಾರ.”

“ಮತ್ತೆ ನೀನು?”

“ನಾನೂ ಅದನ್ನ. ಎರಡನೇ ಪಿರಿಯಡ್ಡಿಗೆ ತಲಿ ನೋಯ್ತದ.”

“ನೋಯದೆ ಏನಾಗ್ತದೆ? ಖಾರಿ ಅಂದ್ರೆ ಮೈದಾ ಮತ್ತೆ ಡಾಲ್ಡಾ. ನಿನ್ನ ಅಪ್ಪ ದಿನಾ ಕಾಳಿನ ಮೂಟೆಯ ಮೇಲೆ ಕೂರುದು, ಮನೆಗೆ ತರುದು ಬೇಕರಿಯ ಪೊಟ್ಟಣ.”

ಶಿವಗಂಗವ್ವನಿಗೆ ನಗು ಬಂತು, ಗೋಡೆಯ ಕಡೆಗೇ ನಕ್ಕರು. ವಸಂತಿ ಅದನ್ನು ಗಮನಿಸಿ, ಕೊನೆಯದಾಗಿ ರೇಣುವನ್ನು ಕೇಳಿದಳು. “ನೀನು ಎಷ್ಟು ಗಂಟೆಗೆ ತಿಂತಿ?”

ಕೊತ್ತಂಬರಿ ಬಿಡಿಸುತ್ತಿದ್ದ ರೇಣು ಬಿಡಿಸುತ್ತಲೇ ಇದ್ದಳು.

“ಕೇಳಿದ್ದು ನಿನ್ನನ್ನೇ.”

“ಅತ್ತಿಯವರ ಪೂಜಿ ಆಗಿ, ಅವರದು ನಾಷ್ಟಾ ಆದ ಮ್ಯಾಲ.”

“ಅಂದ್ರೆ ಹನ್ನೊಂದು.”

“ಸೋಮವಾರ ಹನ್ನೆರಡು ಆಗ್ತದರಿ. ನಡುವ ಚಹಾ ಕುಡೀತೀನಿ. ಮೂರು ಸಲ.”

“ಎಷ್ಟು ವರ್ಷದಿಂದ?”

“ಪುಣೆಕ್ಕ ಬಂದಾಗಿಂದ. ಹನ್ನೊಂದು ವರ್ಷ.”

ಶಿವಗಂಗವ್ವ ಗೋಡೆಯಿಂದ ಈ ಕಡೆ ತಿರುಗಿದರು. ಹನ್ನೊಂದು ವರ್ಷ ಅವರು ಸೊಸೆಯ ಎದೆ ಉರಿ, ತಲೆ ಸುತ್ತು ಎಲ್ಲವನ್ನೂ ನೋಡಿದ್ದರು. ಓಂಕಾಳಿನ ಕಷಾಯ ಮಾಡಿ ಕೊಟ್ಟಿದ್ದರು. ಅವಳ ಮೊಣಕೈ ಎಲುಬು ಎದ್ದು ಕಾಣುವುದನ್ನೂ ನೋಡಿದ್ದರು, ಮೈಕಟ್ಟೇ ಹಾಗೆ ಎಂದುಕೊಂಡಿದ್ದರು.

“ಹೌದೇನ ರೇಣು? ನಾ ಎಂದರ ನಿನಗ ತಿನಬ್ಯಾಡ ಅಂದೇನೇನು?”

ರೇಣು ತಲೆಯೆತ್ತದೆ ಹೇಳಿದಳು. “ಇಲ್ರಿ ಅತ್ತಿ. ತಿನ್ನು ಅಂತನೂ ಅಂದಿಲ್ಲ.”

ಶಿವಗಂಗವ್ವ ಸೊಸೆಯ ಕೈಯಿಂದ ಕೊತ್ತಂಬರಿ ತೆಗೆದುಕೊಂಡು ತಾವೇ ಬಿಡಿಸತೊಡಗಿದರು.

ಆಮೇಲೆ ಕೇಳಿದರು. “ವಸಂತಿ, ಪೂಜಿ ಮುಗಿಸಿ ಆಮ್ಯಾಲ ಗುಳಿಗಿ ತೊಗೊಂಡ್ರ ನಡೀತದೇನ?”

“ಧಾರಾಳ. ಪೂಜೆ ಆಗ್ಲಿ, ನೀರು ಕುಡಿದೇ ಗುಳಿಗೆ ನುಂಗಿ. ಅರ್ಧ ಗಂಟೆಯ ಒಳಗೆ ತಟ್ಟೆ ಮುಂದೆ ಇರಬೇಕು. ಡಾಕ್ಟರ್ ಹೇಳಿದ್ದೂ ಅದನ್ನೇ.”

“ಏನು ತಿನ್ನಬೇಕು? ಅದಕ್ಕೂ ಅಂಗಡಿಗೇ ಹೋಗಬೇಕೇನು?”

“ಎಂತಕ್ಕೆ? ಜೋಳದ ರೊಟ್ಟಿ ಉಂಟಲ್ಲ. ಮೊಸರು, ಶೇಂಗಾ ಚಟ್ನಿ, ಸ್ವಲ್ಪ ಮೆಂತ್ಯ ಸೊಪ್ಪಿನ ಪಲ್ಯ. ಒಂದು ದಿನ ಮೊಳಕೆ ಬಂದ ಹೆಸರುಕಾಳಿಗೆ ಉಳ್ಳಾಗಡ್ಡಿ, ಲಿಂಬೆ ಹಿಂಡಿ. ಒಂದು ದಿನ ಥಾಲಿಪೀಠ. ಅವಲಕ್ಕಿ ಮಾಡಿದ್ರೆ ಶೇಂಗಾ, ಬಟಾಣಿ ಜಾಸ್ತಿ ಹಾಕಿ, ನಿಮಗೆ ಅವಲಕ್ಕಿ ಕಡಿಮೆ. ಚಹಾ ಆಮೇಲೆ, ನಿಮ್ಮದಕ್ಕೆ ಸಕ್ಕರೆ ಇಲ್ಲ.”

“ಸಕ್ರಿ ಇಲ್ಲದ ಚಹಾ,” ಎಂದರು ಶಿವಗಂಗವ್ವ. “ಮುಂಜಾನೆ ಮಾತ್ರ ಗಲ್ಲಾ ಹಿಡಿದು ಸಕ್ರಿನೀರು ಕುಡಿಸಿದಿ.”

ಮಾರನೆಯ ದಿನ ಐದೂವರೆಗೆ ನಳ ಸದ್ದು ಮಾಡಿತು. ಹೊಳಬಸಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡು ಬಚ್ಚಲ ಬಾಗಿಲಿನವರೆಗೆ ಹೋದ, ರೂಢಿಯಂತೆ. ಅಲ್ಲಿ ನಿಂತ. ಒಳಗೆ ಬಿಸಿನೀರಿನ ಬಕೆಟ್ ತಯಾರಿತ್ತು. ಹಿಂದೆ ನೋಡಿದರೆ ತಾಯಿ ಹಾಸಿಗೆಯ ಮೇಲೆ ಎದ್ದು ಕೂತಿದ್ದರು, ಏಳಲು ಸಂಕೋಚಪಡುತ್ತ.

“ಅವ್ವಾ, ನಿನ್ನ ಪಾಳಿ,” ಎಂದ.

“ನಿನಗ ಹೊತ್ತಾಗ್ತದಲ್ಲೋ.”

“ನಾ ಹತ್ತು ನಿಮಿಷದಾಗ ಮುಗಸ್ತೀನಿ ತಗೊ.”

“ಹಾಡ ಕಡಿಮಿ ಆಗ್ತದ,” ಎಂದಳು ರೇಣು ಒಲೆಯ ಮುಂದಿನಿಂದ.

ಆರಕ್ಕೆ ಶಿವಗಂಗವ್ವ ಪೂಜೆಗೆ ಕೂತರು. ಅವಸರ ಮಾಡಲಿಲ್ಲ, ಏನನ್ನೂ ಬಿಡಲಿಲ್ಲ. ಏಳಕ್ಕೆ ಐದು ನಿಮಿಷ ಇರುವಾಗ ಒಂದು ಲೋಟ ನೀರಿನೊಂದಿಗೆ ಗುಳಿಗೆ ನುಂಗಿದರು. ಅಷ್ಟರಲ್ಲಿ ನೀತಾ ರೊಟ್ಟಿಯ ಮೇಲೆ ಚಟ್ನಿ ಹರಡಿಕೊಂಡು ತಿಂದು ಶಾಲೆಗೆ ಹೊರಟಿದ್ದಳು. ಏಳೂಕಾಲಿಗೆ ರೇಣು ಅತ್ತೆಯ ಮುಂದೆ ತಟ್ಟೆ ಇಟ್ಟಳು: ಒಂದೂವರೆ ರೊಟ್ಟಿ, ಪಲ್ಯ, ಮೊಸರು. ಇಟ್ಟು ಒಳಗೆ ಹೊರಟಳು.

“ಎಲ್ಲಿಗೆ?” ಎಂದರು ಶಿವಗಂಗವ್ವ.

“ಬಟ್ಟಿ ನೆನಸ್ತೀನ್ರಿ.”

“ಅವು ಓಡಿಹೋಗಂಗಿಲ್ಲ. ನಿನ್ನ ತಾಟ ತಾ.” ರೇಣು ನಿಂತೇ ಇದ್ದಳು. ಶಿವಗಂಗವ್ವ ಮುರಿದ ರೊಟ್ಟಿಯನ್ನು ತಟ್ಟೆಯಲ್ಲಿಯೇ ಇಟ್ಟು ಕೈ ಹಿಂದಕ್ಕೆ ತೆಗೆದುಕೊಂಡರು. “ನೀ ಕೂಡೂತನಕ ನಾ ಮುಟ್ಟಂಗಿಲ್ಲ. ಗುಳಿಗಿ ಹೊಟ್ಯಾಗ ಹೋಗೇದ, ನೋಡು ಮತ್ತ.”

ರೇಣು ತಟ್ಟೆ ತಂದು ಎದುರಿಗೆ ಕೂತಳು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ ಸಕ್ಕರೆ ಕಾಯಿಲೆಯ ಗುಳಿಗೆ ತೆಗೆದುಕೊಳ್ಳುವವರಿದ್ದರೆ, ಗುಳಿಗೆಗೂ ತಿಂಡಿಗೂ ನಡುವೆ ಎಷ್ಟು ಹೊತ್ತು ಇರಬೇಕೆಂದು ಡಾಕ್ಟರರನ್ನು ಇನ್ನೊಮ್ಮೆ ಕೇಳಿಕೊಳ್ಳಿ. ಉಪವಾಸದ ದಿನ ಏನು ಮಾಡಬೇಕೆಂದೂ ಕೇಳಿ. ನೀವಾಗಿಯೇ ಗುಳಿಗೆ ನಿಲ್ಲಿಸಬೇಡಿ. ಬೆವರು, ನಡುಕ, ತಾಳತಪ್ಪಿದ ಮಾತು ಕಂಡರೆ, ಎಚ್ಚರವಿರುವಾಗಲೇ ಸಕ್ಕರೆ ನೀರು ಕೊಡಿ, ಆಮೇಲೆ ಏನಾದರೂ ತಿನ್ನಿಸಿ, ದವಾಖಾನೆಗೆ ಕರೆದೊಯ್ಯಿರಿ. ಗುಳಿಗೆ ಇರಲಿ ಬಿಡಲಿ, ಚಹಾವನ್ನು ನಾಷ್ಟಾ ಎಂದು ಲೆಕ್ಕ ಹಿಡಿಯಬೇಡಿ. ರೊಟ್ಟಿ, ಕಾಳು, ಮೊಸರು, ಸೊಪ್ಪು ನಿಮ್ಮ ಅಡುಗೆಮನೆಯಲ್ಲೇ ಇವೆ.

ಇನ್ನೊಂದು ಕೆಲಸ ನಾಳೆ ಬೆಳಿಗ್ಗೆಯೇ ಮಾಡಿ. ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ಕೊನೆಗೆ ತಿನ್ನುವವರು ಯಾರು, ಆಗ ಗಡಿಯಾರದಲ್ಲಿ ಎಷ್ಟು ಗಂಟೆ, ನೋಡಿ. ಅವರನ್ನು ಕೇಳಿದರೆ ಹಸಿವಿಲ್ಲ ಎನ್ನುತ್ತಾರೆ. ಕೇಳಬೇಡಿ, ತಟ್ಟೆ ಇಡಿ.