ಕಂಟ್ರೋಲ್ ತಟ್ಟೆಯ ಲವಂಗ

ನನ್ನ ಬೆರಳಿನ ಲವಂಗದ ವಾಸನೆ ಪಕ್ಕದಲ್ಲಿ ಕೂತವರಿಗೂ ಬರುತ್ತದೆಯೇ? ಈಚೆಗೆ ಇದೇ ನನ್ನ ಚಿಂತೆ. ಯಾರನ್ನು ಕೇಳಲಿ? ಬಸ್ಸಿನಲ್ಲಿ ಕೈಯನ್ನು ಚೀಲದೊಳಗೆ ಇಟ್ಟುಕೊಂಡೇ ಕೂರುತ್ತೇನೆ. ಮನೆಗೆ ಬಂದರೆ ಅಣ್ಣ ಮೂಗು ಹಿಡಿದು, "ಬಂದ್ಲಪ್ಪ, ಹಲ್ಲುನೋವಿನ ಡಾಕ್ಟರು" ಅನ್ನುತ್ತಾನೆ.

ಇವತ್ತು ಬೆಳಿಗ್ಗೆ ಆ ಚಿಂತೆಯನ್ನೇ ನೆಪ ಮಾಡಿಕೊಂಡೆ.

ಪ್ರಯೋಗಾಲಯದಲ್ಲಿ ನನ್ನ ಕೆಲಸ ಹೇಳುವುದಕ್ಕೆ ಸುಲಭ. ಟೊಮೆಟೊ ಸಸಿಗೆ ಸೊರಗು ರೋಗ ತರುವ ಬೂಷ್ಟನ್ನು ಲವಂಗದ ಎಣ್ಣೆ ಕೊಲ್ಲುತ್ತದೆ. ಅದು ಮೊದಲೇ ಗೊತ್ತಿತ್ತು. ಆದರೆ ಬೇರನ್ನು ಕಾಯುವ ಒಳ್ಳೆಯ ಬೂಷ್ಟೂ ಒಂದಿದೆ, ಟ್ರೈಕೋಡರ್ಮಾ. ಅದನ್ನು ಎಣ್ಣೆ ಏನು ಮಾಡುತ್ತದೆ?

"ಹಾವು ಸಾಯ್ಬೇಕು, ಕೋಲು ಮುರೀಬಾರ್ದು. ಅಷ್ಟೇ ಕಣೆ ನೀನು ನೋಡ್ಬೇಕಾದ್ದು," ಎಂದಿದ್ದರು ನಮ್ಮ ಮೇಡಂ.

ಒಳ್ಳೆಯ ಬೂಷ್ಟನ್ನು ಕೆಲವು ಗಾಜಿನ ತಟ್ಟೆಗಳಲ್ಲಿ ಎಣ್ಣೆಯ ಜೊತೆ ಬೆಳೆಸಿದೆ, ಇನ್ನು ಕೆಲವುಗಳಲ್ಲಿ ಎಣ್ಣೆ ಇಲ್ಲದೆ. ಎಣ್ಣೆ ಇಲ್ಲದ್ದು ಹೋಲಿಸಿ ನೋಡಲು. ಅದನ್ನು ಕಂಟ್ರೋಲ್ ಎನ್ನುತ್ತೇವೆ. ಎರಡೂ ಸಮಸಮ ಬಂದವು. ಅಂದಮೇಲೆ ಎಣ್ಣೆಯಿಂದ ತೊಂದರೆಯಿಲ್ಲ! ಮೇಡಂ ನನ್ನ ಬೆನ್ನು ತಟ್ಟಿ, ನರ್ಸರಿಯವರನ್ನೆಲ್ಲ ಕರೆಸಿದರು.

ಅವರು ಬರುವ ಮುಂಚೆ ಫೋಟೊ ತೆಗೆಯೋಣವೆಂದು ಕಂಟ್ರೋಲ್ ತಟ್ಟೆಯ ಮುಚ್ಚಳ ತೆರೆದೆ. ಲವಂಗ. ನನ್ನ ಬೆರಳೇ ಇರಬೇಕು ಎಂದುಕೊಂಡೆ. ಸೋಪು ಹಾಕಿ ತೊಳೆದು, ಹೊಸ ಗ್ಲೌಸ್ ಹಾಕಿಕೊಂಡು ಬಂದೆ. ಮತ್ತೆ ಲವಂಗ. ಆಗ ಹೊಳೆಯಿತು. ತಟ್ಟೆಗಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರಿನಲ್ಲಿ ಜಾಗ ಸಾಲದೆಂದು ಎಲ್ಲ ತಟ್ಟೆಗಳನ್ನೂ ಒಂದೇ ಡಬ್ಬಿಗೆ ತುಂಬಿ ಮುಚ್ಚಳ ಬಿಗಿದವಳು ನಾನೇ. ಎಣ್ಣೆ ಆವಿಯಾಗಿ ಎಲ್ಲದಕ್ಕೂ ಅಡರಿದೆ. ಸಮಸಮ ಬೆಳೆದವೆಂದು ನಾವು ಹಿಗ್ಗಿದ್ದು, ಎರಡೂ ಸಮಸಮ ಕುಗ್ಗಿದ್ದನ್ನು ಕಂಡೇ ಇರಬಹುದು.

ಫೋಟೊ ತೆಗೆದು ಮುಚ್ಚಳ ಹಾಕಿಬಿಟ್ಟೆ. ಫೋಟೊ ಚೆನ್ನಾಗಿಯೇ ಬಂದಿತ್ತು. ಫೋಟೊದಲ್ಲಿ ವಾಸನೆ ಬೀಳುವುದಿಲ್ಲ.

ಸಭೆಯ ಕೋಣೆಯಲ್ಲಿ ಮುಂದಿನ ಸಾಲಿನಲ್ಲೇ ಚಿಕ್ಕಮ್ಮ. ಅವಳದು ಟೊಮೆಟೊ ಸಸಿಗಳ ನರ್ಸರಿ. ಹೋದ ಸಲ ಅರ್ಧಕ್ಕರ್ಧ ಸಸಿ ಸೊರಗಿ, ಕಿತ್ತು ಸುಟ್ಟಿದ್ದಳು. ನನ್ನನ್ನು ಕಂಡದ್ದೇ ಪಕ್ಕದವರ ತೋಳು ತಿವಿದು, "ನಮ್ಮಕ್ಕನ ಮಗಳು. ಬಾಯಿ ಬಿಟ್ಟು ಮಾತಾಡಿದ್ದು ಯಾರೂ ಕೇಳಿಲ್ಲ. ಆದ್ರೆ ಕೆಲಸ ನೋಡಿ!" ಎಂದಳು.

"ಬಾಯಲ್ಲಿ ಲವಂಗ ಇಟ್ಕೊಂಡಿರ್ಬೇಕು ಬಿಡಿ," ಎಂದರು ಅವರು.

ಎಲ್ಲರೂ ನಕ್ಕರು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡಂತೆ ನಾನು ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡೆ.

ಮೇಡಂ ಗೋಡೆಯ ಮೇಲೆ ತಟ್ಟೆಗಳ ಫೋಟೊ ತೋರಿಸಿದರು.

"ಹಾಗಾದ್ರೆ ಎರಡನ್ನೂ ಬೆರೆಸಿ ಹಾಕ್ಬಹುದಾ ಮೇಡಂ?" ಚಿಕ್ಕಮ್ಮ ಕೇಳಿದಳು. "ಒಳ್ಳೆ ಬೂಷ್ಟನ್ನ ಡ್ರಮ್ಮಲ್ಲಿ ಕಲಸಿಟ್ಟೇ ಬಂದಿದೀನಿ. ನೀವು ಹೂಂ ಅಂದ್ರೆ ಎಣ್ಣೆ ಸುರಿದು, ಸಂಜೇನೇ ಎಲ್ಲಾ ಟ್ರೇಗೂ ಹಾಕ್ಬಿಡ್ತೀನಿ."

ಸಸಿ ಕಾಯಬೇಕಾದ್ದು ಡ್ರಮ್ಮಿನಲ್ಲೇ ಸಾಯಬಹುದು. ಸಾಯದೆಯೂ ಇರಬಹುದು. ನನಗೆ ಗೊತ್ತಿರಲಿಲ್ಲ, ಗೊತ್ತಿದೆ ಎಂದು ಗೋಡೆ ಹೇಳುತ್ತಿತ್ತು. ಆಮೇಲೆ ಮೇಡಂ ಒಬ್ಬರೇ ಇದ್ದಾಗ ಹೇಳಿದರಾಯಿತು, ಚಿಕ್ಕಮ್ಮನಿಗೆ ದಾರಿಯಲ್ಲಿ ಫೋನ್ ಮಾಡಿದರಾಯಿತು. ಮನಸ್ಸು ಸಂದಿಗೊಂದಿ ಹುಡುಕುತ್ತಲೇ ಇತ್ತು.

"ನನ್ನನ್ಯಾಕೆ ಕೇಳ್ತೀರಿ, ತಟ್ಟೆ ಕಾದೋಳು ಅವಳು," ಮೇಡಂ ನಗುತ್ತಾ ನನ್ನತ್ತ ನೋಡಿದರು. "ಏನೇ, ಬೆರೆಸ್ಬಹುದಾ?"

ಚಿಕ್ಕಮ್ಮನೂ ತಿರುಗಿದಳು. "ತಲೆ ಆಡ್ಸಿದ್ರೂ ಸಾಕು ಮಗಳೇ. ನಿಂಗ್ಯಾಕೆ ಮಾತಿನ ಕಷ್ಟ?"

ತಲೆ ಆಡಿಸುವುದು ನನಗೆ ಕರತಲಾಮಲಕ. ಇಷ್ಟು ವರ್ಷ ಮಾಡಿದ್ದೇ ಅದು. ಕತ್ತು ಆಗಲೇ ಅರ್ಧ ಬಾಗಿತ್ತು. ಅವಳ ಮುಖದಲ್ಲಿ ಒಂದಿಷ್ಟೂ ಅನುಮಾನವಿರಲಿಲ್ಲ.

ಕೈಗಳನ್ನು ಮುಂದೆ ತಂದೆ.

"ಬೇಡ ಚಿಕ್ಕಮ್ಮ," ಎಂದೆ. ಹಿಂದಿನ ಸಾಲಿಗೂ ಕೇಳಿಸಿರಬೇಕು. "ಎಣ್ಣೆ ಹಾಕದ ತಟ್ಟೇಲೂ ಲವಂಗದ ವಾಸನೆ ಇದೆ."